ಹಗಲು ಹೊತ್ತಿನ ನಾಲ್ಕು ಅಕ್ಕಿಕಾಳು

ಗದಗಿನ ಜೋಡಿ ಊರು ಬೆಟಗೇರಿಯಲ್ಲಿರುವ ಚಿಗವ್ವನ, ಅಂದರೆ ಅವ್ವನ ತಂಗಿಯ, ಮನೆಯಲ್ಲಿ ಟಿವಿ ಇರುವುದು ಹೊಲಿಗೆ ಮಷಿನ್‌ಗೆ ಎದುರಾಗಿ. ಕಾಲು ಪೆಡಲ್ ಮೇಲೆ, ಕೈ ಸೀರೆಯ ಅಂಚಿನ ಮೇಲೆ, ಕಣ್ಣು ಆಗಾಗ ಟಿವಿ ಮೇಲೆ. ಅವಳು ಸೀರೆಗಳಿಗೆ ಫಾಲ್, ಪಿಕೋ ಮಾಡುತ್ತಾಳೆ. ಆ ಕೆಲಸ ಕಡಿಮೆ ಇದ್ದಾಗ ಕೌದಿ ಹೊಲಿಯುತ್ತಾಳೆ. ನಾನು ಸಣ್ಣವಳಿದ್ದಾಗ ಆ ಓಣಿಯಲ್ಲಿ ರಾತ್ರಿಯವರೆಗೂ ಮಗ್ಗದ ಸದ್ದು ಕೇಳುತ್ತಿತ್ತು. ಈಗ ಮಗ್ಗ ಕಡಿಮೆಯಾಗಿವೆ. ಸಂಜೆಯಾದರೆ ಸಾಲು ಮನೆಗಳಿಂದ ಒಂದೇ ಧಾರಾವಾಹಿಯ ಹಾಡು ಕೇಳಿಸುತ್ತದೆ. ಒಂದು ಮನೆಯಲ್ಲಿ ಬಿಟ್ಟುಹೋದ ಮಾತು ಮುಂದಿನ ಮನೆಯ ಬಾಗಿಲಲ್ಲಿ ಸಿಗುತ್ತದೆ.

2022ರ ಅಕ್ಟೋಬರ್ ಕೊನೆಗೆ ಜೀ ಕನ್ನಡದಲ್ಲಿ 'ಶ್ರೀರಸ್ತು ಶುಭಮಸ್ತು' ಶುರುವಾಯಿತು. ಮರಾಠಿಯಲ್ಲಿ 2019ರಲ್ಲಿ ಬಂದಿದ್ದ 'ಅಗ್ಗಬಾಯಿ ಸಾಸೂಬಾಯಿ' ಅನ್ನೋ ಧಾರಾವಾಹಿಯ ಕನ್ನಡ ರೂಪ ಅದು. ಗಂಡ ತೀರಿಹೋದ, ಮಗನನ್ನು ಬೆಳೆಸಿ ದೊಡ್ಡವನನ್ನಾಗಿ ಮಾಡಿದ ತುಳಸಿ. ಹೆಂಡತಿಯನ್ನು ಕಳೆದುಕೊಂಡ ಮಾಧವ. ಇಬ್ಬರಿಗೂ ಬೆಳೆದ ಮಕ್ಕಳಿದ್ದಾರೆ. ಆ ವಯಸ್ಸಿನಲ್ಲಿ ಅವರಿಬ್ಬರ ನಡುವೆ ಸ್ನೇಹ ಹುಟ್ಟಿ, ಅದು ಮದುವೆಯವರೆಗೆ ಬರುತ್ತದೆ. ಅತ್ತೆಯ ಬೆನ್ನಿಗೆ ನಿಲ್ಲುವವಳು ಸೊಸೆ ಸಿರಿ. ತುಳಸಿಯಾಗಿ ಸುಧಾರಾಣಿ, ಮಾಧವನಾಗಿ ಅಜಿತ್ ಹಂದೆ.

ಚಿಗವ್ವ ಇದನ್ನು ನೋಡಲು ಕೂತದ್ದು ಸುಧಾರಾಣಿಗಾಗಿ. 1986ರಲ್ಲಿ ಶಿವರಾಜ್‌ಕುಮಾರ್ ಮೊದಲ ಸಲ ನಾಯಕನಾದ 'ಆನಂದ್' ಚಿತ್ರದಲ್ಲಿ ನಾಯಕಿಯಾಗಿ ಬಂದ ಹುಡುಗಿ ಅವರು. ಆಗ ಚಿಗವ್ವನಿಗೆ 18. ಗದಗಿನ ಟಾಕೀಸಿನಲ್ಲಿ ನನ್ನ ಅವ್ವ, ಚಿಗವ್ವ, ಓಣಿಯ ಇನ್ನಿಬ್ಬರು ಹುಡುಗಿಯರು ಒಟ್ಟಿಗೆ ಹೋಗಿ ನೋಡಿದ್ದರು. ಅದೇ ಮುಖ ಈಗ ಸಾದಾ ಸೀರೆ ಉಟ್ಟು, ಕನ್ನಡಿ ಮುಂದೆ ನಿಲ್ಲುವುದನ್ನೇ ಮರೆತ ಹೆಂಗಸಾಗಿ ಟಿವಿಯಲ್ಲಿ ಬಂದಾಗ ಚಿಗವ್ವ ಮಷಿನ್ ನಿಲ್ಲಿಸಿದ್ದಳು. "ಈಕೀನೂ ನಮ್ಮ ಜೋಡೀನ ದೊಡ್ಡಾಕಿ ಆದ್ಲಲ್ಲೇ" ಅಂದಿದ್ದಳು. ಈ ಪಾತ್ರಕ್ಕೆ ಸುಧಾರಾಣಿಯನ್ನು ಆರಿಸಿದವರು ಬಹಳ ದೊಡ್ಡ ಕೆಲಸ ಮಾಡಿದ್ದಾರೆ ಅಂತ ನನಗೆ ಆಗಲೇ ಅನ್ನಿಸಿತು. ಒಂದು ತಲೆಮಾರಿನ ಹೆಂಗಸರು ಆಕೆಯನ್ನು ಹುಡುಗಿಯಾಗಿ ನೋಡಿದ್ದಾರೆ. ಆಕೆಗೆ ಎರಡನೇ ಸಲ ಪ್ರೀತಿ ಆಗುತ್ತದೆ ಅಂದರೆ ಅದು ಯಾರೋ ಹೊರಗಿನವಳ ಕಥೆಯಾಗುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಇರುವವಳು. ಗದಗಿಗೆ ಒಂದು ತಾಸಿನ ದಾರಿ, ಆದರೂ ತಿಂಗಳಿಗೆ ಒಂದು ಸಲ ಹೋದರೆ ಹೆಚ್ಚು. ಉಳಿದ ದಿನ ಎಪಿಸೋಡ್ ಮುಗಿದ ಕೂಡಲೇ ಚಿಗವ್ವನ ಫೋನ್ ಬರುತ್ತಿತ್ತು. ತುಳಸಿ ಹೀಗೆ ಅಂದಳು, ಮಗ ಹಾಗೆ ಅಂದ, ಸೊಸೆ ಎಷ್ಟು ಚೆಂದ ಮಾತಾಡಿದಳು ನೋಡು. ಮೂರು ನಾಲ್ಕು ತಿಂಗಳು ನಾನು ಬರೀ ಹೂಂಗುಟ್ಟುತ್ತಾ ಕೇಳಿದೆ. ಅವಳು ಧಾರಾವಾಹಿಯ ನೆಪದಲ್ಲಿ ಇನ್ನೇನನ್ನೋ ಹೇಳುತ್ತಿದ್ದಾಳೆ ಅಂತ ಹೊಳೆದದ್ದು ಬಹಳ ತಡವಾಗಿ. ಒಂದು ರಾತ್ರಿ ಅವಳೇ ಕೇಳಿದಳು: "ಪ್ರೆಸ್ಸಿನವರು ನಿನಗ ನೆನಪದಾರ ಇಲ್ಲೊ?"

ನೆನಪಿದ್ದರು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಒಂದು ಕಾಲಕ್ಕೆ ಈ ಊರಿನಲ್ಲಿ ಪ್ರೆಸ್ಸಿನ ಕೆಲಸ ಗೊತ್ತಿರುವ ಒಬ್ಬರಾದರೂ ಇಲ್ಲದ ಓಣಿ ಸಿಗುತ್ತಿರಲಿಲ್ಲ. ಪುಸ್ತಕ, ಪಂಚಾಂಗ, ಕ್ಯಾಲೆಂಡರ್, ನಾಟಕದ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ಎಲ್ಲ ಇಲ್ಲೇ ಅಚ್ಚಾಗುತ್ತಿದ್ದವು. ಈ ಪ್ರೆಸ್ಸಿನವರು ಹುಡುಗನಾಗಿದ್ದಾಗಿನಿಂದ ಮೊಳೆ ಜೋಡಿಸಿದವರು. ಮೊಳೆ ಅಂದರೆ ಸೀಸದ ಅಕ್ಷರ. ಒಂದೊಂದನ್ನೂ ಕೇಸಿನಿಂದ, ಅಂದರೆ ಖಾನೆಗಳಿರುವ ಪೆಟ್ಟಿಗೆಯಿಂದ ಆರಿಸಿ, ಎಡಗೈಯ ಸ್ಟಿಕ್ಕಿನಲ್ಲಿ ಉಲ್ಟಾ ನಿಲ್ಲಿಸುತ್ತಾ ಸಾಲು ಮಾಡಬೇಕು. ಕನ್ನಡಕ್ಕೆ ಕೇಸು ದೊಡ್ಡದು, ಒತ್ತಕ್ಷರಗಳಿಗೇ ಬೇರೆ ಮನೆಗಳು. ಕಂಪ್ಯೂಟರ್ ಬಂದ ಮೇಲೆ ಅವರೂ ಡಿಟಿಪಿ ಕಲಿತರು, ಆಫ್‌ಸೆಟ್‌ಗೆ ಕೊಡತೊಡಗಿದರು. ಹಳೆಯ ಟ್ರೆಡಲ್ ಮಷಿನ್ ಮಾತ್ರ ಮೂಲೆಯಲ್ಲಿ ಹಾಗೇ ಇಟ್ಟುಕೊಂಡಿದ್ದರು. ನಮ್ಮ ಮನೆತನದ ಎಲ್ಲ ಲಗ್ನಪತ್ರಿಕೆ ಅಚ್ಚಾದದ್ದು ಅವರ ಕೈಯಲ್ಲೇ. ಚಿಗವ್ವನ ಮಗಳದ್ದೂ.

ಅವರ ಹೆಂಡತಿ ಕೊರೋನಾ ಎರಡನೇ ಅಲೆಯಲ್ಲಿ ತೀರಿಹೋದರು. ವರ್ಷ ಕಳೆದ ಮೇಲೆ ಅವರು ಒಂದು ಗಂಟು ಹಿಡಿದುಕೊಂಡು ಚಿಗವ್ವನ ಮನೆಗೆ ಬಂದರಂತೆ. ಒಳಗೆ ಏಳು ಸೀರೆ. ಕೌದಿ ಹೊಲಿದು ಕೊಡಿ ಅಂದರಂತೆ.

ಕೌದಿ ನೋಡದವರಿಗೆ ಹೇಳುತ್ತೇನೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಒಳಕ್ಕೆ ಹೊಲಿಯುತ್ತಾ ಬರುವ ಹೊದಿಕೆ ಅದು. ಸಣ್ಣ ಸಣ್ಣ ಹೊಲಿಗೆ, ಸಾವಿರಾರು. ಮಷಿನ್‌ನಲ್ಲಿ ಆಗುವುದಿಲ್ಲ, ಕೈಯಲ್ಲೇ ಆಗಬೇಕು. ಹೊಲಿಯುವವಳು ನೆಲದ ಮೇಲೆ ಕೌದಿಯ ಮೇಲೇ ಕೂತು ಹೊಲಿಯುತ್ತಾಳೆ. ಒಬ್ಬಳೇ, ಮನೆಗೆಲಸ ಮುಗಿಸಿ ಹೊಲಿದರೆ ಒಂದು ತಿಂಗಳು ಹಿಡಿಯುತ್ತದೆ. ಆ ಒಂದು ತಿಂಗಳು ಹೊಲಿಯುವವಳಿಗೆ ಆ ಸೀರೆ ಉಟ್ಟವಳ ಪರಿಚಯ ಆಗುತ್ತದೆ ಅನ್ನುತ್ತಾಳೆ ಚಿಗವ್ವ. ಯಾವ ಕಡೆ ಹೆಚ್ಚು ಸವೆದಿದೆ, ಸೆರಗಿನಲ್ಲಿ ಕೈ ಒರೆಸುವ ಅಭ್ಯಾಸ ಇತ್ತಾ, ಒಲೆಯ ಕಿಡಿ ಎಲ್ಲಿ ಬಿದ್ದಿದೆ. ಆ ಏಳರಲ್ಲಿ ಒಂದು ಇಳಕಲ್ ಸೀರೆ ಮಡಿಕೆಯೂ ಮಾಸಿರಲಿಲ್ಲ. ಚಿಗವ್ವ ಅದನ್ನು ವಾಪಸ್ ಕೊಟ್ಟಳು. "ಇದನ್ನ ಕತ್ತರಸಾಕ ಬರಂಗಿಲ್ರಿ. ಅವರು ಉಟ್ಟೇ ಇಲ್ಲ ಇದನ್ನ. ಮಗಳಿಗೆ ಕೊಡ್ರಿ." ಅವರು ಆ ಸೀರೆ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕಟ್ಟೆ ಮೇಲೆ ಕೂತಿದ್ದರಂತೆ. ಚಿಗವ್ವ ಚಹಾ ಮಾಡಿ ಕೊಟ್ಟಳು. ಮಾತು ಅಷ್ಟಕ್ಕೇ ಮುಗಿಯಿತು.

ಆಮೇಲೆ ಕೌದಿ ಎಲ್ಲಿಗೆ ಬಂತು ಅಂತ ನೋಡಲು ಬಂದರು. ಕೌದಿ ಮುಗಿದ ಮೇಲೆ ರಸೀದಿ ಪುಸ್ತಕ ಅಚ್ಚು ಮಾಡಿಕೊಟ್ಟರು. ಆಮೇಲೆ ಸುಮ್ನೆ ಬಂದರು. ಸಂಜೆ ಅಂಗಡಿ ಮುಚ್ಚಿ, ಒಂದು ಪೊಟ್ಟಣ ಗಿರ್ಮಿಟ್, ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಬಂದು ಕಟ್ಟೆ ಮೇಲೆ ಕೂರುವುದು. ಬಾಗಿಲು ಪೂರಾ ತೆರೆದಿರುತ್ತಿತ್ತು. ಚಿಗವ್ವ ಒಳಗೆ ಮಷಿನ್ ಮುಂದೆ, ಅವರು ಹೊರಗೆ ಕಟ್ಟೆ ಮೇಲೆ, ನಡುವೆ ಟಿವಿ. ಇಬ್ಬರೂ ತುಳಸಿ-ಮಾಧವರನ್ನು ನೋಡುತ್ತಿದ್ದರು. ಆ ಕಥೆ ನಡೆಯುತ್ತಿದ್ದಷ್ಟು ಹೊತ್ತು ಯಾರೂ ಯಾರ ಕಡೆಗೂ ತಿರುಗುತ್ತಿರಲಿಲ್ಲ ಅಂತ ಹೇಳಿದಳು ಚಿಗವ್ವ. ಅದನ್ನು ಹೇಳುವಾಗ ಅವಳ ದನಿ ಹೇಗಿತ್ತು ಅಂದರೆ, ನಾನು ಫೋನ್ ಕಿವಿಗೆ ಒತ್ತಿ ಹಿಡಿದುಕೊಂಡೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಧಾರಾವಾಹಿಗಳ ಪ್ರೀತಿಯೆಲ್ಲ ಬೆಂಗಳೂರು-ಮೈಸೂರು ಕಡೆಯ ಮಾತಿನಲ್ಲಿ ನಡೆಯುತ್ತದೆ. ನಮ್ಮ ಕಡೆ ಮಾತಾಡುವವರು ಬಂದರೆ ಹೆಚ್ಚಾಗಿ ನಗಿಸಲು ಬರುತ್ತಾರೆ, ಇಲ್ಲ ಜಗಳಕ್ಕೆ ಬರುತ್ತಾರೆ. ಪ್ರೀತಿಸುವವರ ಬಾಯಲ್ಲಿ ನಮ್ಮ ಮಾತು ಬಹಳ ಅಪರೂಪ. ಇದು ನನಗೆ ನೋವು ಕೊಡುವ ಸಂಗತಿ. ಯಾಕೆಂದರೆ ಪ್ರೆಸ್ಸಿನವರು ಚಿಗವ್ವನನ್ನು ಕೇಳಿದ ಮಾತು ನನಗೆ ಗೊತ್ತಿದೆ, ಅಂಥ ಮಾತನ್ನು ನಾನು ಯಾವ ಪರದೆಯ ಮೇಲೂ ಕೇಳಿಲ್ಲ. ಒಂದು ಸಂಜೆ ಮನೆಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡು, ತಲೆ ಬಗ್ಗಿಸಿಯೇ ಹೇಳಿದರಂತೆ: "ನೀವು ಹೂಂ ಅಂದ್ರ, ನಾ ಇಲ್ಲಿಗೆ ದಿನಾ ಬರೂದು ಬಿಡ್ತೀನ್ರಿ. ಹೋಗೂದೂ ಬಿಡ್ತೀನಿ."

ಚಿಗವ್ವ ಹೂಂ ಅನ್ನಲಿಲ್ಲ. ಎರಡು ವರ್ಷ ಅನ್ನಲಿಲ್ಲ.

ಧಾರಾವಾಹಿಯಲ್ಲಿ ಅಡ್ಡಿ ಅಂದರೆ ಮನಸ್ಸುಗಳು. ಮಗನ ಸಿಟ್ಟು, ನೆಂಟರ ಬಾಯಿ, ಓಣಿಯ ಕಣ್ಣು. ಅವೆಲ್ಲ ನಮ್ಮಲ್ಲೂ ಇವೆ. ಆದರೆ ಚಿಗವ್ವನ ಮುಂದಿದ್ದ ದೊಡ್ಡ ಅಡ್ಡಿಯ ಹೆಸರು ನವೆಂಬರ್. ಕಾಕಾ, ಅಂದರೆ ಚಿಗವ್ವನ ಗಂಡ, ಸರ್ಕಾರಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು, 2006ರಲ್ಲಿ ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಚಿಗವ್ವನಿಗೆ ಆಗ 38. ಅಲ್ಲಿಂದ ಅವಳಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಅಂತ ತೋರಿಸಬೇಕು. ಅದೇ ಕಾಗದದಲ್ಲಿ ಇನ್ನೊಂದು ಸಾಲಿರುತ್ತದೆ, ನಾನು ಮರುಮದುವೆಯಾಗಿಲ್ಲ ಅಂತ. ಅದಕ್ಕೂ ಸಹಿ ಹಾಕಬೇಕು. ಗಂಡ ಸತ್ತವಳು ಮತ್ತೆ ಮದುವೆಯಾದರೆ ಸಾಮಾನ್ಯವಾಗಿ ಆ ಪಿಂಚಣಿ ನಿಲ್ಲುತ್ತದೆ. ಸರ್ಕಾರದ ವಿಧವಾ ವೇತನವೂ ಅಷ್ಟೇ. ಇನ್ನೊಬ್ಬ ಗಂಡ ಬಂದನಲ್ಲ, ಅವನು ನೋಡಿಕೊಳ್ಳುತ್ತಾನೆ ಅನ್ನುವ ಲೆಕ್ಕ. ಚಿಗವ್ವ 18 ನವೆಂಬರ್‌ಗಳಲ್ಲಿ ಆ ಸಾಲಿಗೆ ಸಹಿ ಹಾಕಿದ್ದಾಳೆ. ತಿಂಗಳಿಗೆ ಸುಮಾರು 14 ಸಾವಿರ. ಮಗಳ ಲಗ್ನದ ಸಾಲ ತೀರಿದ್ದು ಅದರಿಂದ, ಮಗ ಎಂಜಿನಿಯರಿಂಗ್ ಮುಗಿಸಿದ್ದು ಅದರಿಂದ. ಫಾಲ್, ಪಿಕೋದಿಂದ ಬರುವುದು ದಿನದ ಖರ್ಚಿಗೆ. ಅವಳ ಕೈಗೆ ಯಾರನ್ನೂ ಕೇಳದೆ ಬರುತ್ತಿದ್ದ ಹಣ ಅದೊಂದೇ.

ಇದನ್ನು ಯಾವ ಧಾರಾವಾಹಿಯಾದರೂ ತೋರಿಸಲಿ ಅಂತ ನನ್ನ ಆಸೆ. ಐವತ್ತು ದಾಟಿದ ಹೆಂಗಸು ಎರಡನೇ ಮದುವೆಗೆ ಹೆದರುವುದು ಪ್ರೀತಿಗೆ ಹೆದರಿ ಅಲ್ಲ. ತನ್ನದು ಅಂತ ಇರುವ ಒಂದು ಪಾಸ್‌ಬುಕ್ ಮತ್ತೆ ಇನ್ನೊಬ್ಬರ ಕೈ ನೋಡುವಂತಾಗುತ್ತದಲ್ಲ, ಅದಕ್ಕೆ.

ಮಗ ಬೆಂಗಳೂರಿನಲ್ಲಿದ್ದಾನೆ. ವಿಷಯ ಕೇಳಿ ಕೂಗಾಡಲಿಲ್ಲ. ಒಂದು ವಾರ ಫೋನ್ ಮಾಡಲಿಲ್ಲ. ಆಮೇಲೆ ನನಗೆ ಫೋನ್ ಮಾಡಿ ಕೇಳಿದ, "ಅಕ್ಕಾ, ಮನಿ ಏನಾಗ್ತದ?" ಅವನನ್ನು ಕೆಟ್ಟವನು ಅಂತ ನಾನು ಅಂದುಕೊಳ್ಳಲಿಲ್ಲ. ಅಪ್ಪ ಕಟ್ಟಿಸಿದ ಎರಡು ಕೋಣೆಯ ಮನೆ ಅದು, ಅಪ್ಪನ ಗುರುತು ಅಂತ ಅವನಿಗೆ ಉಳಿದಿರುವುದು ಅದೇ. ಗದಗ ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನ ಗೆಳತಿಯನ್ನು ಕೇಳಿದೆ. ಅವಳು ವಿವರವಾಗಿ ಹೇಳಿದಳು. 1856ರ ಕಾಯ್ದೆ ಹಿಂದೂ ವಿಧವೆಯರ ಮರುಮದುವೆಗೆ ದಾರಿ ಬಿಟ್ಟಿತ್ತು, ಆದರೆ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯ ಹಕ್ಕು ಹೋಗುತ್ತಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡನಿಂದ ಬಂದ ಪಾಲು ಪೂರಾ ಅವಳದು. ಆಮೇಲೆ ಅವಳು ಮದುವೆಯಾದರೂ ಆ ಪಾಲು ಎಲ್ಲಿಗೂ ಹೋಗುವುದಿಲ್ಲ. ಮಗ, ಮಗಳು, ಹೆಂಡತಿಗೆ ಸಮ ಪಾಲು. ಇದನ್ನು ಅವನಿಗೆ ಹೇಳಿದೆ. "ಆಯ್ತಕ್ಕಾ" ಅಂದ. ಅವನ ಆಯ್ತು ಒಪ್ಪಿಗೆಯೋ ಅಲ್ಲವೋ ಅವತ್ತು ತಿಳಿಯಲಿಲ್ಲ.

ಆದರೆ ಪಿಂಚಣಿಯೂ ಅಲ್ಲ, ಮನೆಯೂ ಅಲ್ಲ, ಚಿಗವ್ವನ ಬಾಯಿ ಕಟ್ಟಿದ್ದು ಬೇರೆಯೇ. ಅದನ್ನು ಅವಳು ಕೊನೆಗೆ ಹೇಳಿದಳು. ಅದನ್ನು ಹೇಳಲೆಂದೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ.

ನನ್ನ ಅಜ್ಜಿ, ಅಂದರೆ ಚಿಗವ್ವನ ಅವ್ವ, ಉಡಿಕಿಯಾಗಿ ಬಂದವಳು. ನಮ್ಮ ಸೀಮೆಯಲ್ಲಿ ಹಲವು ಜಾತಿಗಳಲ್ಲಿ ಉಡಿಕಿ ಅನ್ನುವ ಪದ್ಧತಿ ಇತ್ತು. ಗಂಡ ಸತ್ತವಳಿಗೆ, ಗಂಡನನ್ನು ಬಿಟ್ಟವಳಿಗೆ ಇನ್ನೊಬ್ಬ ಸೀರೆ ಉಡಿಸಿ ಕರೆದುಕೊಂಡು ಹೋಗುವುದು. ಉಡು ಅನ್ನುವ ಮಾತಿನಿಂದಲೇ ಉಡಿಕಿ. ಬ್ರಾಹ್ಮಣರ ಮನೆಗಳಲ್ಲಿ ಆಗ ಅದಕ್ಕೂ ದಾರಿ ಇರಲಿಲ್ಲ. ಕೆಂಪು ಸೀರೆ, ಬೋಳಿಸಿದ ತಲೆ, ಅಷ್ಟೇ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನುತ್ತಾರಲ್ಲ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', 1899ರದ್ದು, ಅದರಲ್ಲೂ ಇರುವುದು ಒಬ್ಬ ವಿಧವೆ ಹುಡುಗಿಯ ಮರುಮದುವೆಯೇ. ಓದುಬರಹದ ಲೋಕ ಅದನ್ನು ಹೊಸ ವಿಚಾರ ಅಂತ ಬರೆಯುತ್ತಿದ್ದ ಹೊತ್ತಿಗೆ ನಮ್ಮ ರೈತರ, ನೇಕಾರರ ಮನೆಗಳಲ್ಲಿ ಉಡಿಕಿ ನಡೆದೇ ಇತ್ತು. ಕಾಲೇಜಿನಲ್ಲಿದ್ದಾಗ ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ನಮ್ಮ ಅಜ್ಜಿಗೆ ಎರಡನೇ ಬದುಕು ಸಿಕ್ಕಿತ್ತು ನೋಡಿ ಅಂತ.

ಅಜ್ಜಿಗೆ ಸಿಕ್ಕಿದ್ದು ಹೇಗೆ ಅನ್ನುವುದನ್ನು ಚಿಗವ್ವ ಹೇಳಿದಳು. ಮೊದಲ ಗಂಡ ಹೋದಾಗ ಅಜ್ಜಿಗೆ ಹದಿನಾರು. ಮೂರು ವರ್ಷದ ಮೇಲೆ ನಮ್ಮ ಅಜ್ಜನ ಜೊತೆ ಉಡಿಕಿ. ರಾತ್ರಿ. ಊರು ಉಂಡು ಮಲಗಿದ ಮೇಲೆ. ಹಂದರ ಇಲ್ಲ, ವಾದ್ಯ ಇಲ್ಲ, ಅರಿಷಿಣ ಇಲ್ಲ. ನಾಲ್ಕು ಜನ ಹಿರಿಯರು, ಒಂದು ಕಂದೀಲು, ಒಂದು ಹೊಸ ಸೀರೆ. ತಾಳಿ ಕಟ್ಟಿದರು. ಅಕ್ಕಿಕಾಳು, ಅಂದರೆ ಅಕ್ಷತೆ, ಹಾಕಲಿಲ್ಲ. ಬೆಳಗಾಗುವ ಮೊದಲೇ ಚಕ್ಕಡಿಯಲ್ಲಿ ಕೂಡಿಸಿ ಕಳಿಸಿದರು, ಎದುರು ಬಂದವರಿಗೆ ಮುಖ ಕಾಣಬಾರದು ಅಂತ. ಅಜ್ಜ ಅಜ್ಜಿಯನ್ನು ಚೆನ್ನಾಗಿಯೇ ನೋಡಿಕೊಂಡ. ಐದು ಮಕ್ಕಳಾದವು. ಆದರೆ ಉಡಿಕಿಯವಳು ಶುಭಕಾರ್ಯಕ್ಕೆ ಮುತ್ತೈದೆ ಅಂತ ಲೆಕ್ಕಕ್ಕೆ ಬರುತ್ತಿರಲಿಲ್ಲ.

1988ರಲ್ಲಿ ಚಿಗವ್ವನ ಲಗ್ನ. ಅಂಗಳದಲ್ಲಿ ಹಂದರ ಹಾಕಿದ್ದರು. ಸುರಗಿ ಸುತ್ತಲು, ಅಂದರೆ ಲಗ್ನದಲ್ಲಿ ದಾರ ಸುತ್ತುವ ಶಾಸ್ತ್ರಕ್ಕೆ, ಐವರು ಮುತ್ತೈದೆಯರನ್ನು ಕರೆದರು. ಅವರಲ್ಲಿ ಅಜ್ಜಿ ಇರಲಿಲ್ಲ. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ, ಪಕ್ಕದಲ್ಲಿ ಬದುಕಿರುವ ಗಂಡ, ಆದರೂ ಅಜ್ಜಿ ಹಿತ್ತಲ ಬಾಗಿಲ ಹತ್ತಿರ ನಿಂತಿದ್ದಳು. ಹೋಳಿಗೆಯ ಹೂರಣ ರುಬ್ಬಿದ ಕೈ ಒರೆಸಿಕೊಳ್ಳುತ್ತಾ. ಚಿಗವ್ವ ಎಣ್ಣೆ ಹಚ್ಚಿಸಿಕೊಂಡು ಮಣೆ ಮೇಲೆ ಕೂತವಳು ತಲೆ ಎತ್ತಿ ನೋಡಿದಾಗ ಅಜ್ಜಿ ಕಣ್ಣಿನಿಂದಲೇ ಹೇಳಿದಳಂತೆ, ನನ್ನ ಕಡೆ ನೋಡಬೇಡ ಅಂತ.

"ನಾ ಅವ್ವನ ಹಂಗ ರಾತ್ರಿ ಲಗ್ನ ಆಗೂದಿಲ್ಲ ನೋಡವಾ" ಅಂದಳು ಚಿಗವ್ವ. "ರಿಜಿಸ್ಟರ್ ಆಫೀಸಿಗೆ ಹೋಗಿ ಯಾರಿಗೂ ಹೇಳದ ಸಹಿ ಮಾಡಿ ಬಾ ಅಂತಾಳ ನನ್ನ ಮಗಳು. ಅದೂ ರಾತ್ರೀದ ಅಲ್ಲೇನ? ಹೊರಗ ಬಿಸಲ ಇದ್ರೇನಾತು."

ನನಗೆ ಮಾತು ಹೊರಡಲಿಲ್ಲ. ಎರಡನೇ ಅವಕಾಶ ನಮ್ಮ ಕಡೆ ಹೊಸದೇನೂ ಅಲ್ಲ. ನೂರಾರು ವರ್ಷಗಳಿಂದ ಹೆಂಗಸರಿಗೆ ಅದು ಸಿಕ್ಕಿದೆ. ಅವರಿಗೆ ಸಿಗದೇ ಇದ್ದದ್ದು ಹಗಲು.

ಟಿವಿಯಲ್ಲಿ ತುಳಸಿ-ಮಾಧವರ ಮದುವೆ ಬಂದ ವಾರ ನಾನು ರಜೆ ಹಾಕಿ ಬೆಟಗೇರಿಯಲ್ಲಿದ್ದೆ. ಓಣಿಯ ಹೆಂಗಸರು ಇಬ್ಬರು ಮೂವರು ಬಂದಿದ್ದರು. ಪ್ರೆಸ್ಸಿನವರು ಎಂದಿನ ಹಾಗೆ ಕಟ್ಟೆ ಮೇಲೆ. ಯಾರೂ ಮಾತಾಡಲಿಲ್ಲ. ಜಾಹೀರಾತು ಬಂದಾಗಲೂ ಯಾರೂ ಏಳಲಿಲ್ಲ. ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿ, ಆಕೆಯೂ ಗಂಡನನ್ನು ಕಳೆದುಕೊಂಡವಳು, ಎಂಬತ್ತರ ಹತ್ತಿರ ಇದ್ದಾಳೆ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿಗವ್ವ ಹೇಳಿದ್ದು ಒಂದೇ ಮಾತು: "ಮಂದಿ ಮುಂದ ಆತು ನೋಡು ಆಕಿ ಲಗ್ನ."

ಈ ಧಾರಾವಾಹಿಯ ಬಗ್ಗೆ ನನಗೆ ಬೇಸರಗಳೂ ಇವೆ, ಅವನ್ನೂ ಹೇಳುತ್ತೇನೆ. ಮದುವೆಯವರೆಗೆ ಅದು ಸಾವಕಾಶವಾಗಿ, ಮನಸ್ಸಿಟ್ಟು ನಡೆಯಿತು. ಆಮೇಲೆ ಸಂಚು, ಸಿಟ್ಟು, ಮಾಧವನ ಮಕ್ಕಳ ಮುನಿಸು, ಅಳು ಇವುಗಳ ಕಡೆಗೇ ಹೊರಳಿತು. ಐವತ್ತು ದಾಟಿದ ಇಬ್ಬರು ಒಂದು ಮನೆಯಲ್ಲಿ ಬದುಕು ಹೂಡುವುದೇ ದೊಡ್ಡ ಕಥೆಯಲ್ವಾ? ಅವನಿಗೆ ಸಪ್ಪೆ ಬೇಕು, ಅವಳಿಗೆ ಖಾರ ಬೇಕು. ಅವಳ ಮೊದಲ ಗಂಡನ ಫೋಟೋ ಎಲ್ಲಿ ತೂಗುಹಾಕಬೇಕು? ಅವನ ಮೊದಲ ಹೆಂಡತಿಯ ತಿಥಿಗೆ ಅಡುಗೆ ಯಾರು ಮಾಡಬೇಕು? ಇದನ್ನೇ ಕೂತು ಬರೆದಿದ್ದರೆ ನೂರು ಎಪಿಸೋಡ್ ಆಗುತ್ತಿತ್ತು. ತುಳಸಿ ಗರ್ಭಿಣಿಯಾಗುವ ತಿರುವು ಬಂದಾಗ ಓಣಿ ಎರಡು ಪಾಲಾಯಿತು. ಚಿಗವ್ವ ಅವತ್ತು ಟಿವಿ ಆರಿಸಿದಳು. "ನನಗ ಮತ್ತ ತಾಯಾಗೂದು ಬ್ಯಾಡವಾ. ಒಂದ ಚಾ ಜೋಡಿ ಕುಂತು ಕುಡಿಯೋರು ಇದ್ರ ಸಾಕು." 2023ರಲ್ಲಿ ಅದೇ ವಾಹಿನಿಯಲ್ಲಿ 'ಅಮೃತಧಾರೆ' ಶುರುವಾಗಿತ್ತು. ರಾಜೇಶ್ ನಟರಂಗ, ಛಾಯಾ ಸಿಂಗ್ ಅದರಲ್ಲಿ ವಯಸ್ಸು ಮೀರಿದ ಮೇಲೆ ಗಂಡ-ಹೆಂಡತಿ ಆಗುತ್ತಾರೆ. ಚಿಗವ್ವನ ಸಂಜೆ ಆ ಕಡೆಗೆ ಹೋಯಿತು. ಆದರೆ ತುಳಸಿಯ ಮದುವೆ ಅವಳೊಳಗೆ ಮಾಡಬೇಕಾದ ಕೆಲಸ ಅಷ್ಟೊತ್ತಿಗೆ ಮಾಡಿಯಾಗಿತ್ತು.

2024ರ ದೀಪಾವಳಿ ಮುಗಿದ ಮೇಲೆ ಅವಳು ಹೂಂ ಅಂದಳು. ಒಂದು ಷರತ್ತಿನ ಮೇಲೆ. ಓಣಿಯಲ್ಲೇ ಆಗಬೇಕು, ಮುಂಜಾನೆ ಆಗಬೇಕು. ಆ ನವೆಂಬರ್‌ನಲ್ಲಿ ಬ್ಯ‍ಾಂಕಿಗೆ ಹೋಗಿ ಕೊನೆಯ ಸಲ ಸಹಿ ಹಾಕಿ ಬಂದಳು. ಪಿಂಚಣಿ ಹೋದರೆ ಏನು ಮಾಡುತ್ತೀ ಅಂತ ಕೇಳಿದೆ. ಪ್ರೆಸ್ಸಿನವರು ಆಗಲೇ ಆಫ್‌ಸೆಟ್ ಅಂಗಡಿಯ ಮುಂದಿನ ಕೋಣೆಯನ್ನು ಅವಳ ಹೆಸರಿಗೆ ಬಾಡಿಗೆ ಕರಾರು ಬರೆಸಿದ್ದರು, ಅಲ್ಲಿ ಅವಳ ಫಾಲ್-ಪಿಕೋ ಅಂಗಡಿ. ಅದರಿಂದ ಬರುವುದಕ್ಕೂ ಅವರಿಗೂ ಸಂಬಂಧ ಇಲ್ಲ, ಹೀಗಂತ ಅವರೇ ಹೇಳಿದರಂತೆ. 14 ಸಾವಿರಕ್ಕೆ ಅದು ಸಮ ಆಗುವುದಿಲ್ಲ, ಇನ್ನೂ ಆಗಿಲ್ಲ. ಕಳೆದುಕೊಂಡದ್ದು ಕಳೆದುಕೊಂಡದ್ದೇ. ಲಗ್ನವಾದ ಮರುವಾರ ತಾನೇ ಬ್ಯಾಂಕಿಗೆ ಹೋಗಿ ನಿಲ್ಲಿಸಲು ಬರೆದುಕೊಟ್ಟಳು.

ಲಗ್ನ ಆಮೇಲೆ ಬಂದ ಮಾಘದಲ್ಲಿ ಆಯಿತು. ಮನೆ ಮುಂದೆ ಸಣ್ಣ ಹಂದರ, ಮಾವಿನ ತೋರಣ, ಒಂದು ಶಹನಾಯಿ, ಒಂದು ಡೋಲು. ಅರವತ್ತು ಎಪ್ಪತ್ತು ಜನ. ಕೆಲವರು ಬರಲಿಲ್ಲ, ಅವರ ಹೆಸರು ಇಲ್ಲಿ ಬೇಡ. ಸುರಗಿ ಸುತ್ತುವ ಹೊತ್ತಿಗೆ ಯಾರು ಯಾರು ಕೂರಬೇಕು ಅಂತ ಪ್ರಶ್ನೆ ಬಂತು. ಚಿಗವ್ವ ಮಣೆ ಮೇಲಿಂದ ಎದ್ದು ಹೋಗಿ ಪಕ್ಕದ ಮನೆಯ ಅಜ್ಜಿಯ ಕೈ ಹಿಡಿದು ಕರೆತಂದಳು. ಅಜ್ಜಿ ಬ್ಯಾಡ ಬ್ಯಾಡ ಅನ್ನುತ್ತಲೇ ಬಂದಳು. ದಾರ ಸುತ್ತುವಾಗ ಆಕೆಯ ಕೈ ನಡುಗುತ್ತಿತ್ತು, ನನ್ನ ಅವ್ವ ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡಳು. ಚಿಗವ್ವ ಹಿತ್ತಲ ಬಾಗಿಲ ಕಡೆಗೆ ಒಂದು ಸಲ ನೋಡಿದಳು. ನಾನೂ ನೋಡಿದೆ. ಬಾಗಿಲು ತೆರೆದಿತ್ತು, ಅಲ್ಲಿ ಯಾರೂ ನಿಂತಿರಲಿಲ್ಲ. ಎಲ್ಲರೂ ಹಂದರದಲ್ಲೇ ಇದ್ದರು.

ಲಗ್ನಪತ್ರಿಕೆಯನ್ನು ಪ್ರೆಸ್ಸಿನವರು ಕಂಪ್ಯೂಟರಿನಲ್ಲಿ ಮಾಡಲಿಲ್ಲ. ಹಳೆಯ ಕೇಸು ಇಳಿಸಿ, ಧೂಳು ಒರೆಸಿ, ತಾವೇ ಮೊಳೆ ಜೋಡಿಸಿದರು. ಟ್ರೆಡಲ್‌ಗೆ ಎಣ್ಣೆ ಹಾಕಿ ನೂರು ಪ್ರತಿ ಒಡೆದರು. ಜೋಡಿಸುವ ದಿನ ನಾನು ಅಲ್ಲಿದ್ದೆ. ಸಾವಿರಾರು ಲಗ್ನಪತ್ರಿಕೆ ಮಾಡಿದ ಕೈ ಮೊದಲ ಸಾಲಿಗೇ ನಿಂತಿತು. ಇಬ್ಬರಿಗೂ ಅಪ್ಪ ಅವ್ವ ಇಲ್ಲ, ಕರೆಯುವವರು ಯಾರು ಅಂತ ಹಾಕುವುದು? ಮಕ್ಕಳ ಹೆಸರು ಹಾಕೋಣ ಅಂತ ಆಯಿತು. ಅವರ ಮಗಳು, ಅಳಿಯ ಆಗಲೇ ಒಪ್ಪಿದ್ದರು. ಚಿಗವ್ವನ ಮಗಳೂ ಹೂಂ ಅಂದಳು. ಮಗನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆವು. ಆ ಕಡೆ ಸುಮಾರು ಹೊತ್ತು ಸದ್ದಿಲ್ಲ. ಆಮೇಲೆ ಅವನು ಪ್ರೆಸ್ಸಿನವರಿಗೇ ಹೇಳಿದ: "ಹಾಕ್ರಿ. ನನ್ನ ಹೆಸರಿನ ಮುಂದ ಅಪ್ಪನ ಇನಿಶಿಯಲ್ ಬಿಡಬ್ಯಾಡ್ರಿ." ಪ್ರೆಸ್ಸಿನವರು ಏನೂ ಹೇಳದೆ ಕೇಸಿನಿಂದ ಆ ಅಕ್ಷರ ಹೆಕ್ಕಿ, ಸ್ಟಿಕ್ಕಿನಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲಿಸಿದರು.

ಹೆಣ್ಣಿನ ಹೆಸರಿನ ಮುಂದೆ ಹಾಕುವ ಚಿ.ಕುಂ.ಸೌ. ಅನ್ನುವ ಮೂರು ಗಿಡ್ಡಕ್ಷರಗಳು ಅವರ ಹತ್ತಿರ ಕಟ್ಟಿಟ್ಟೇ ಇದ್ದವು, ದಿನಾ ಬೇಕಾಗುತ್ತಿತ್ತಲ್ಲ. ಅದನ್ನು ಬೆರಳಲ್ಲಿ ಹಿಡಿದು ಚಿಗವ್ವನನ್ನು ಕೇಳಿದರು, "ನಿಮ್ಮ ಹೆಸರಿನ ಮುಂದ ಏನು ಹಾಕಲ್ರಿ?"

"ಏನೂ ಬ್ಯಾಡ್ರಿ. ಹೆಸರ ಸಾಕು. ಹೊತ್ತು ಮಾತ್ರ ದೊಡ್ಡದ ಹಾಕ್ರಿ."

ದೊಡ್ಡ ಮೊಳೆಯ ಕೇಸಿನಲ್ಲಿ ಎಲ್ಲ ಅಕ್ಷರ ಉಳಿದಿರಲಿಲ್ಲ. 'ಮುಂ' ಸಿಕ್ಕಿತು, 'ನೆ' ಸಿಕ್ಕಿತು. 'ಜಾ' ಹುಡುಕಲು ಅರ್ಧ ತಾಸು ಹಿಡಿಯಿತು. ಕೊನೆಗೆ ಒಂದೇ ಒಂದು ಸಿಕ್ಕಿತು, ಅದರ ತುದಿ ಸ್ವಲ್ಪ ಮುರಿದಿತ್ತು. ಅದನ್ನೇ ಹಾಕಿದರು.

ಆ ಪತ್ರಿಕೆ ಈಗ ನನ್ನ ಮೇಜಿನ ಮೇಲಿದೆ. ಹಳದಿ ಕಾಗದ, ಕೆಂಪು ಶಾಯಿ. ಹಿಂದೆ ತಿರುಗಿಸಿ ಬೆರಳಾಡಿಸಿದರೆ ಅಕ್ಷರ ಒತ್ತಿದ ಗುರುತು ಕೈಗೆ ಹತ್ತುತ್ತದೆ. ಇಬ್ಬರ ಹೆಸರಿಗಿಂತ ದೊಡ್ಡದಾಗಿ ನಡುವೆ ಒಂದು ಸಾಲು, ತುದಿ ಮುರಿದ 'ಜಾ' ಸಮೇತ: ಮುಂಜಾನೆ 10 ಗಂಟೆ 40 ನಿಮಿಷಕ್ಕೆ.